ಕ್ಯಾಪ್ಟನ್ ಮಂಗಳದಿಂದ ಹಿಂದಿರುಗಬೇಕಾಗಿದ್ದ ವಾರ

ಅವನನ್ನು ಕ್ಯಾಪ್ಟನ್ ಎಂದು ಮೊದಲು ಕರೆದವಳು ಹೆಂಡತಿಯೇ. ಕುಟುಕಲೆಂದು ಕರೆದದ್ದು, ಅವನು ಬಿರುದೆಂದು ಎತ್ತಿಕೊಂಡ. ಹಗಲು ಹೊತ್ತು ಅವನು ಬಸ್ಸು, ಲಾರಿಗಳ ಬ್ರೇಕು, ದೀಪ ನೋಡಿ ಓಡಲು ಯೋಗ್ಯ ಎಂದು ಮುದ್ರೆ ಒತ್ತುವ ಕಚೇರಿಯ ನೌಕರ. ಸಂಜೆ ಬೂಟು ಬಿಚ್ಚಿದ ಮೇಲೆ ಭೂಮಿಯ ಯಾವ ಕೆಲಸಕ್ಕೂ ಅವನು ಸಿಗುತ್ತಿರಲಿಲ್ಲ.

ಹವ್ಯಾಸ ಎರಡು. ಹಿತ್ತಲಲ್ಲಿ ದೂರದರ್ಶಕ, ಹಿತ್ತಲಿಗೆ ತಗುಲಿದ ಕೋಣೆಯಲ್ಲಿ ಕಂಪ್ಯೂಟರ್ ಆಟದ ಆಕಾಶನೌಕೆ. ದೂರದರ್ಶಕ ಬಂದ ವಾರವೇ ಬಟ್ಟೆ ಒಣಹಾಕುವ ತಂತಿ ಹೋಯಿತು. ಶನಿಗ್ರಹಕ್ಕೆ ಅವಳ ಲಂಗ ಅಡ್ಡ ಬರುತ್ತದಂತೆ. ಆಮೇಲೆ ಅಡುಗೆಮನೆಯ ಬಲ್ಬಿಗೆ ಕೆಂಪು ಕಾಗದ ಸುತ್ತಿದ. ಬಿಳಿ ಬೆಳಕು ತಾಗಿದರೆ ಕತ್ತಲಿಗೆ ಪಳಗಿದ ಕಣ್ಣು ಕೆಡುತ್ತದೆ, ಮತ್ತೆ ಇಪ್ಪತ್ತು ನಿಮಿಷ ಕಾಯಬೇಕು ಎಂದ. ಕೆಂಪು ಬೆಳಕಿನಲ್ಲಿ ಕೊಳೆತ ಟೊಮೆಟೊ, ಒಳ್ಳೆಯ ಟೊಮೆಟೊ ಎರಡೂ ಒಂದೇ. ಅವಳು ಮೂಗಿನಿಂದ ನೋಡಿ ಹೆಚ್ಚುವುದನ್ನು ಕಲಿತಳು. ಗುರುಗ್ರಹದ ಯಾವ ಚಂದ್ರ ಯಾವ ನಿಮಿಷಕ್ಕೆ ಮರೆಯಾಗುತ್ತದೆಂದು ಬಾಯಿಪಾಠ ಒಪ್ಪಿಸುವ ಮನುಷ್ಯ, ನಲ್ಲಿಗೆ ನೀರು ಎಷ್ಟು ಹೊತ್ತಿಗೆ ಬರುತ್ತದೆಂದು ಇಂದಿಗೂ ಅವಳನ್ನೇ ಕೇಳುತ್ತಿದ್ದ.

ಅವಳ ಕೆಲಸ ಆಸ್ಪತ್ರೆಯಲ್ಲಿ. ಶಸ್ತ್ರಚಿಕಿತ್ಸೆಯ ಕತ್ತರಿ, ಇಕ್ಕಳ, ಚಿಮಟಗಳನ್ನು ತೊಳೆದು, ಹಬೆಯ ಯಂತ್ರಕ್ಕೆ ಹಾಕಿ, ಎಣಿಸಿ ಕಟ್ಟುವ ವಿಭಾಗ. ಎಂಟು ಗಂಟೆ ನಿಂತೇ ಇದ್ದು ಮನೆಗೆ ಬಂದರೆ ಅಲ್ಲೊಂದು ಬೇರೆ ಯಂತ್ರ ಗುಂಯ್‌ಗುಡುತ್ತಿತ್ತು. ಏಳು ತಿಂಗಳಿಂದ ಕ್ಯಾಪ್ಟನ್ ಮಂಗಳದಿಂದ ವಾಪಸು ಬರುತ್ತಿದ್ದ. ಕಂಪ್ಯೂಟರು ಹಗಲೂ ರಾತ್ರಿ ಉರಿಯಬೇಕು, ಆರಿಸಿದರೆ ನೌಕೆ ಕಳೆದುಹೋಗುತ್ತದೆ, ಹುಷಾರು ಎಂದಿದ್ದ. ವಾಷಿಂಗ್ ಮಷೀನ್ ಹಾಕಿದರೆ ಆಗಾಗ ಫ್ಯೂಸು ಹಾರುವ ಮನೆ. ಹಾಗಾಗಿ ಏಳು ತಿಂಗಳೂ ಹೊದಿಕೆಗಳನ್ನು ಅವಳು ಕೈಯಲ್ಲೇ ಒಗೆದಳು.

ಅಷ್ಟರಲ್ಲಿ ಅವಳ ತಾಯಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಶಸ್ತ್ರಚಿಕಿತ್ಸೆ ಅವಳದೇ ಆಸ್ಪತ್ರೆಯಲ್ಲಿ. ತಾಯಿಯ ಸೊಂಟ ತೆರೆದ ಉಪಕರಣಗಳನ್ನು ಕಟ್ಟಿ ಕಳಿಸಿದವಳೂ ಅವಳೇ. ಆರು ವಾರ ಮೆಟ್ಟಿಲು ಹತ್ತಬಾರದು, ಬಚ್ಚಲು ಪಕ್ಕದಲ್ಲೇ ಇರಬೇಕು ಎಂದರು ಡಾಕ್ಟರು. ಅಣ್ಣನ ಮನೆ ಮೂರನೇ ಮಹಡಿ, ಲಿಫ್ಟ್ ಇಲ್ಲ. ಇವಳ ಮನೆಯಲ್ಲಿ ಬಚ್ಚಲಿಗೆ ಅಂಟಿದ ಕೋಣೆ ಒಂದೇ. ಅದರಲ್ಲಿ ಮಂಗಳದಿಂದ ಬರುವವನು ಕೂತಿದ್ದ.

ಮಂಗಳವಾರ ಸಂಜೆ ಅವಳು ಬಾಗಿಲಲ್ಲಿ ನಿಂತು ಹೇಳಿದಳು. “ರೀ, ಗುರುವಾರ ಅಮ್ಮನ್ನ ಮನೆಗೆ ಕಳಿಸ್ತಾರೆ. ಕೋಣೆ ಖಾಲಿ ಮಾಡ್ಬೇಕು.”

ಅವನು ಹೆಡ್‌ಫೋನಿನ ಒಂದು ಕಿವಿ ಸರಿಸಿದ. “ಯಾವ ಕೋಣೆ?”

“ನಮಗೇನು ಹತ್ತು ಕೋಣೆ ಇದ್ಯಾ?”

“ಗುರುವಾರ ಹೇಗಾಗುತ್ತೆ? ಮುಂದಿನ ವಾರದ ಭಾನುವಾರ ನಾನು ಇಳಿಯೋದು. ಗುರುವಾರದಿಂದ ಹನ್ನೊಂದು ದಿನ ರಜಾನೂ ಹಾಕಿದೀನಿ.”

ಅವಳು ಆ ಮುಖವನ್ನೇ ನೋಡಿದಳು. ಈಗ ಹಾಸ್ಟೆಲಿನಲ್ಲಿರುವ ಮಗಳು ಹುಟ್ಟಿದ ದಿನ, ಲಾರಿಗಳು ಸಾಲುಗಟ್ಟಿ ನಿಂತಿವೆ ಎಂದು ಅರ್ಧ ದಿನವಷ್ಟೇ ರಜೆ ಹಾಕಿ ಬಂದಿದ್ದ ಮುಖ.

“ಅಮ್ಮ ಹಾಲ್‌ನಲ್ಲಿ ಮಲಗ್ಲಿ,” ಎಂದ ಅವನು, ದಾನ ಮಾಡುವವನಂತೆ.

“ಹಾಲ್‌ನಿಂದ ಬಚ್ಚಲಿಗೆ ಎರಡು ಮೆಟ್ಟಿಲು. ಮತ್ತೆ ಬಿದ್ದು ಹೊಲಿಗೆ ಬಿಚ್ಚಿದ್ರೆ ನೀವು ಹೊಲೀತೀರಾ?”

“ಸ್ವಲ್ಪ ಅರ್ಥ ಮಾಡ್ಕೋ. ಏಳು ತಿಂಗಳ ಶ್ರಮ. ಈಗ ಆರಿಸಿದ್ರೆ ಬಾಹ್ಯಾಕಾಶದಲ್ಲೇ ಉಳ್ಕೊಂಡ್ಬಿಡ್ತೀನಿ.”

“ಉಳ್ಕೊಳ್ಳಿ. ಊಟಕ್ಕೆ ಹೇಗೆ ಇಳಿದು ಬರ್ತೀರೋ ನೋಡೋಣ.”

ಬಾಯಿಗೆ ಬಂದದ್ದನ್ನು ಆಡಿದಳೇ ಹೊರತು ಅವಳಿಗೆ ಬೇರೆ ದಾರಿ ಕಾಣಲಿಲ್ಲ. ಕೋಣೆ ಸಿಗದಿದ್ದರೆ ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಅಣ್ಣನ ಮನೆಗೆ ಮೂರು ಮಹಡಿ ಹೊರಬೇಕು. ಅವಳಿಗೆ ನಾಚಿಕೆಯಾಗುವ ಸಂಗತಿಯೆಂದರೆ, ಪಾಪ, ಏಳು ತಿಂಗಳು ದುಡಿದಿದ್ದಾನೆ ಎಂದು ಒಂದು ಗಳಿಗೆ ಅವಳಿಗೂ ಅನ್ನಿಸಿತು. ನಿಂತು ಬಟ್ಟೆ ಒಗೆಯುವವಳಿಗೆ ಕೂತು ಆಡುವವನ ಮೇಲೆ ಕನಿಕರ.

ಬುಧವಾರ ಸಂಜೆ ಔಷಧಿ ಅಂಗಡಿಯಾಕೆ ಬಂದರು. ಊರಿನ ನಕ್ಷತ್ರ ನೋಡುವವರ ಸಂಘಕ್ಕೆ ಅವರೇ ಕಾರ್ಯದರ್ಶಿ. ಕ್ಯಾಪ್ಟನ್ ಎಂದೋ ಒಯ್ದಿದ್ದ ಮಸೂರ ವಾಪಸು ಬೇಕಿತ್ತು. ಅವನು ಕಪಾಟಿನೊಳಗೆ ತಲೆ ಹಾಕಿ ಹುಡುಕತೊಡಗಿದ. ಆಕೆ ಕಂಪ್ಯೂಟರಿನ ಪರದೆ ನೋಡಿದರು.

“ಓ, ಸಾರ್ ಕೂಡ ಇದನ್ನ ಆಡ್ತಾರಾ? ನಾನು ಮಂಗಳಕ್ಕೆ ನಾಲ್ಕು ಸಲ ಹೋಗ್ಬಂದೆ.”

“ನಾಲ್ಕು ಸಲವಾ? ಅಷ್ಟು ತಿಂಗಳು ಅಂಗಡಿ ಯಾರು ನೋಡ್ಕೊಂಡ್ರು?” ಎಂದು ಇವಳು ಕೇಳಿದಳು.

“ಯಾವ ತಿಂಗಳಮ್ಮಾ? ಕೆಳಗೆ ಬಾಣದ ಗುರುತಿದೆಯಲ್ಲ, ಅದನ್ನ ಒತ್ತಿದ್ರೆ ಕಾಲ ಓಡುತ್ತೆ. ಏಳು ತಿಂಗಳು ಏಳು ನಿಮಿಷ. ಗಿರಾಕಿ ಬಂದ್ರೆ ಸೇವ್ ಮಾಡಿ, ಮುಚ್ಚಿ, ಮಾತ್ರೆ ಕೊಡ್ತೀನಿ.”

“ಆರಿಸಿದ್ರೆ ನೌಕೆ ಕಳೆದುಹೋಗಲ್ವಾ?”

“ಎಲ್ಲಿಗೆ ಹೋಗುತ್ತೆ? ಬಿಟ್ಟ ಜಾಗದಲ್ಲೇ ಇರುತ್ತೆ.”

ಕ್ಯಾಪ್ಟನ್ ತಲೆಯನ್ನು ಕಪಾಟಿನಿಂದ ಹೊರಗೆ ತೆಗೆಯಲಿಲ್ಲ. ಮೂರು ಅರೆಗಳ ಕಪಾಟು; ಅಷ್ಟು ಹೊತ್ತು ಹುಡುಕಲು ಅದರಲ್ಲಿ ಏನೂ ಇರಲಿಲ್ಲ.

ಆಕೆ ಗೇಟು ದಾಟಿದ ಮೇಲೆ ಅವನ ದನಿ ಬಂತು. “ಅದು ಮೋಸ ಕಣೆ. ನಿಜವಾದ ಗಗನಯಾತ್ರಿ ಕಾಲ ಓಡಿಸ್ತಾನಾ?”

“ನಿಜವಾದ ಗಗನಯಾತ್ರಿಗೆ ದಿನಾ ಎಂಟು ಗಂಟೆಗೆ ಬಿಸಿ ಅನ್ನ ತಟ್ಟೆಗೆ ಬೀಳುತ್ತಾ? ಸೇವ್ ಮಾಡಿ. ನಾನು ಇಲ್ಲೇ ನಿಂತಿರ್ತೀನಿ.”

ಒಂದು ಗುಂಡಿ. ಅಷ್ಟೇ. ಪರದೆ ಕಪ್ಪಾಯಿತು. ಒಗೆದು ಹಿಂಡಿದ ಹೊದಿಕೆಗಳೆಲ್ಲ ಒಟ್ಟಿಗೆ ನೆನಪಾಗಿ ಅವಳ ಮೊಣಕೈ ಸೆಳೆಯಿತು.

“ಹಾಗಾದ್ರೆ ನಾಳೆ ಹೋಗಿ ರಜಾ ರದ್ದು ಮಾಡಿಸ್ತೀನಿ,” ಎಂದ ಅವನು ಮುನಿಸಿನಿಂದ.

“ಯಾಕೆ? ಇರ್ಲಿ. ಹಾಕಿದ್ದು ಹಾಕಿದೀರಿ.”

ಗುರುವಾರ ಅಮ್ಮ ಬಂದರು. ಎತ್ತರದ, ಕೈ ಇರುವ ಕುರ್ಚಿಯೇ ಆಗಬೇಕು ಎಂದಿದ್ದರು ಆಸ್ಪತ್ರೆಯಲ್ಲಿ. ನೌಕೆ ನಡೆಸಲೆಂದು ಅವನು ಹಳೆಯ ಕಾರಿನ ಸೀಟನ್ನು ಮರದ ಪೆಟ್ಟಿಗೆಗೆ ಬಿಗಿದು, ಎರಡು ಬದಿಗೂ ಕೈ ಜೋಡಿಸಿಕೊಂಡಿದ್ದ. ಅಳತೆ ಹೇಳಿ ಮಾಡಿಸಿದಂತಿತ್ತು. ಅಮ್ಮ ಮೆಲ್ಲನೆ ಒರಗಿದರು.

“ಅಳಿಯಂದ್ರು ನನಗೋಸ್ಕರ ಎಷ್ಟು ಮುತುವರ್ಜಿ ವಹಿಸಿದಾರೆ ನೋಡು,” ಎಂದರು. ಅವರ ಮುಖದಲ್ಲಿ ನಗು ಇತ್ತೋ ಇಲ್ಲವೋ, ಮಗಳಿಗೂ ಹೇಳಲಾಗಲಿಲ್ಲ.

ಶುಕ್ರವಾರ ಬೆಳಗ್ಗೆ ಅವಳು ಚಪ್ಪಲಿ ಮೆಟ್ಟುವಾಗ ಅವನು ಹಿಂದೆಯೇ ಬಂದ. “ನೀನು ರಜಾ ಹಾಕಲ್ವಾ?”

“ನೀವಿದೀರಲ್ಲ.”

ಮಧ್ಯಾಹ್ನ ಒಂದು ಗಂಟೆಗೆ ಅವಳ ಫೋನು ಬಡಿದುಕೊಂಡಿತು.

“ಬೆಳಗ್ಗೆಯಿಂದ ಕೂತೇ ಇಲ್ಲ ಕಣೆ. ಮಾತ್ರೆ ಆಯ್ತು ಅನ್ನೋಷ್ಟರಲ್ಲಿ ನೀರು, ನೀರಾಯ್ತು ಅನ್ನೋಷ್ಟರಲ್ಲಿ ಬಚ್ಚಲು. ಹಿಡ್ಕೊಂಡು ನಡೆಸಿ ನಡೆಸಿ ನನ್ನ ಬೆನ್ನು ಹೋಯ್ತು. ಈಗ ಅನ್ನಕ್ಕಿಟ್ಟೆ. ನೀರೆಷ್ಟು ಹಾಕ್ಬೇಕಿತ್ತು?”

“ಅಕ್ಕಿ ಮೇಲೆ ಬೆರಳಿನ ಒಂದು ಗೆರೆ.”

“ಸ್ವಲ್ಪ ಕಮ್ಮಿ ಹಾಕ್ಬಿಟ್ಟೆ ಅನ್ಸುತ್ತೆ. ಇದು ದಿನಾ ಹೀಗೇನಾ?”

“ಆರು ವಾರ ಹೀಗೇ.”

“ನನ್ನ ರಜಾ ಹನ್ನೊಂದೇ ದಿನ,” ಎಂದ.

“ಇನ್ನೂ ಎಷ್ಟು ಉಳಿದಿದೆ ನಿಮ್ಮ ಲೆಕ್ಕದಲ್ಲಿ?”

“ನಲವತ್ತು ದಿನ ಇರ್ಬಹುದು. ಎಂದೂ ಹಾಕೇ ಇಲ್ವಲ್ಲ. ಯಾಕೆ?”

“ಸಾಕಾಗುತ್ತೆ ಬಿಡಿ,” ಎಂದಳು ಅವಳು. “ಅನ್ನ ತಳ ಹಿಡಿಯೋ ಮುಂಚೆ ಹೋಗಿ ನೋಡಿ.”