ಎರಡನೆಯ ಬಾಣ

ಮಳೆಗಾಲದಲ್ಲಿ ಹಳೆಯ ಕ್ಯಾಮೆರಾಗಳಿಗೆ ಬೂಷ್ಟು ಹಿಡಿಯುತ್ತದೆ. ಅದಕ್ಕೇ ಬಿಸಿಲು ಕಂಡ ದಿನ ನಾನು ಅಲಮಾರಿ ತೆರೆದು ನನ್ನ ಹದಿನಾಲ್ಕು ಕ್ಯಾಮೆರಾಗಳನ್ನೂ ಕಿಟಕಿಯ ಬಳಿ ಸಾಲಾಗಿ ಕೂರಿಸುತ್ತೇನೆ. ಈ ಬೆಳಿಗ್ಗೆ ಹಾಗೆ ತೆರೆದಾಗ ಕರ್ಪೂರದ ಜೊತೆಗೆ ಹಳೆಯ ಗೋಂದಿನ ವಾಸನೆಯೂ ಮೂಗಿಗೆ ಬಡಿಯಿತು. ಯಾವುದೋ ಒಂದರ ಮೈಗೆ ಅಂಟಿಸಿದ ತೊಗಲು ಬಿಟ್ಟುಕೊಂಡಿದೆ ಎಂದುಕೊಂಡೆ. ಹುಡುಕಿದರೆ, ಸ್ಟೆಲ್ಲಮ್ಮನ ಅಪ್ಪನ ಕ್ಯಾಮೆರಾ.

ನನ್ನ ಹುಚ್ಚನ್ನು ಮೊದಲೇ ಹೇಳಿಬಿಡುತ್ತೇನೆ, ನಗಬೇಡಿ. ಫೋಟೋ ತೆಗೆಯುವುದು ನನಗೆ ಅಷ್ಟಾಗಿ ಬರುವುದಿಲ್ಲ. ನಾನು ತೆಗೆದ ಮದುವೆ ಫೋಟೋದಲ್ಲಿ ನನ್ನ ತಂಗಿಗೆ ತಲೆಯೇ ಇಲ್ಲ. ಆದರೆ ಸೈನ್ಯದ ಗುರುತಿರುವ ಹಳೆಯ ರೀಲ್ ಕ್ಯಾಮೆರಾ ಕಂಡರೆ ಬಿಡಲಾರೆ. ಬ್ರಿಟಿಷರ ಕಾಲದಲ್ಲಿ ಸೈನ್ಯದ ಸಾಮಾನಿನ ಮೇಲೆ ಒಂದು ಪುಟ್ಟ ಬಾಣ ಕೊರೆಯುತ್ತಿದ್ದರು. ಹರಾಜಿನಲ್ಲಿ ಅದನ್ನು ಹೊರಗೆ ಮಾರುವಾಗ, ಮೊನೆಗೆ ಮೊನೆ ತಾಗುವಂತೆ ಇನ್ನೊಂದು ಬಾಣ ಹೊಡೆಯುತ್ತಿದ್ದರು. ಒಂದಿದ್ದರೆ ಸರ್ಕಾರದ್ದು, ಎರಡಿದ್ದರೆ ಕೊಂಡವನದ್ದು. ಇಷ್ಟು ತಿಳಿದುಕೊಂಡೇ ನಾನು ರಿಚರ್ಡ್ಸ್ ಟೌನಿನಿಂದ ಹಲಸೂರಿನವರೆಗೆ ಪಂಡಿತನೆನಿಸಿಕೊಂಡಿದ್ದೆ.

ಹನ್ನೊಂದು ವರ್ಷದ ಹಿಂದೆ ಒಂದು ಸಂಜೆ ಶಿವಾಜಿನಗರದಲ್ಲಿ, ಕ್ಯಾಮೆರಾ ರಿಪೇರಿಯ ಗೌಸ್ ಭಾಯಿಯ ಅಂಗಡಿಯಲ್ಲಿ, ಚಹಾ ಕುಡಿಯುತ್ತ ಕೂತಿದ್ದೆ. ಮರ್ಫಿ ಟೌನಿನಿಂದ ಸ್ಟೆಲ್ಲಮ್ಮ ಬಂದರು. ಶಾಲೆಯೊಂದರಲ್ಲಿ ಆಯಾ ಆಗಿದ್ದವರು. ಅವರ ಅಪ್ಪ ಸೈನ್ಯದ ಡಾರ್ಕ್‌ರೂಮಿನಲ್ಲಿ ಕೆಲಸಕ್ಕಿದ್ದವರು, ತೀರಿಕೊಂಡು ತಿಂಗಳಾಗಿತ್ತು. ಟವೆಲಿನಲ್ಲಿ ಸುತ್ತಿದ್ದ ಕ್ಯಾಮೆರಾವನ್ನು ನನ್ನ ಮುಂದಿಟ್ಟರು.

"ರೇಟು ಬೇಡ ಸಾರ್. ಅಪ್ಪ ಇದನ್ನ ಹರಾಜಲ್ಲಿ ತಗೊಂಡೆ ಅಂತಿದ್ರು. ನಮ್ಮ ಬೀದೀಲಿ ಎಲ್ಲಾರೂ ಕದ್ಕೊಂಡು ಬಂದಿದ್ದು ಅಂತಾರೆ. ಯಾವ್ದು ನಿಜ, ನೋಡಿ ಹೇಳಿ."

ನಾನು ಗತ್ತಿನಿಂದ ಭೂತಗನ್ನಡಿ ತೆಗೆದೆ. ಹಿಂಬದಿಯ ತಗಡಿನಲ್ಲಿ, ತೊಗಲು ಶುರುವಾಗುವ ಅಂಚಿಗೆ ಸರಿಯಾಗಿ, ಕೆಳಮುಖವಾಗಿ ಒಂದು ಬಾಣ. ಒಂದೇ. ತೊಗಲು ಆಮೇಲೆ ಹಾಕಿಸಿದ್ದು, ಚಪ್ಪಲಿ ಹೊಲಿಯುವವರ ಕೈಕೆಲಸ ಎಂಬುದೂ ಕಂಡಿತು. ಅದರಿಂದ ಬೆಲೆ ಎಷ್ಟು ತಗ್ಗುತ್ತದೆಂದು ಮನಸ್ಸಿನಲ್ಲೇ ಅಳೆದೆ. ತೊಗಲಿನ ಕೆಳಗೆ ಏನಿದೆಯೆಂದು ಯೋಚಿಸಲಿಲ್ಲ.

"ಹರಾಜಾಗಿದ್ರೆ ಇನ್ನೊಂದು ಬಾಣ ಇರ್ಬೇಕಿತ್ತಮ್ಮ. ಇಲ್ಲ," ಎಂದೆ.

ಸ್ಟೆಲ್ಲಮ್ಮ ಟವೆಲನ್ನಷ್ಟೇ ಮಡಚಿಕೊಂಡರು. "ಹಂಗಾದ್ರೆ ಇದು ನಮ್ಮನೇಗೆ ಬೇಡ," ಎಂದು ಎದ್ದು ಹೋದರು. ಗೌಸ್ ಭಾಯಿ ಹಣ ಕೊಡಹೋದರೆ ಮುಟ್ಟಲೂ ಇಲ್ಲ.

"ನೀವೇ ಇಟ್ಕೊಳಿ ಸಾಬ್, ನಿಮ್ಗೆ ಇದ್ರ ಮೇಲೆ ಪ್ಯಾರ್ ಇದೆ," ಎಂದರು ಗೌಸ್ ಭಾಯಿ. ಕದ್ದ ಮಾಲೆಂದು ಬಾಯಿ ತುಂಬ ಹೇಳಿದ ನಾನೇ ಅದನ್ನು ಖುಷಿಯಿಂದ ಮನೆಗೆ ತಂದೆ. ಬರೆಯಲು ನಾಚಿಕೆಯಾಗುತ್ತದೆ.

ಈ ಬೆಳಿಗ್ಗೆ ಬಿಟ್ಟುಕೊಂಡಿದ್ದ ತೊಗಲಿನ ಅಂಚನ್ನು ಉಗುರಿನಿಂದ ಎತ್ತಿದೆ. ಕೆಳಗೆ ಎರಡನೆಯ ಬಾಣವಿತ್ತು, ಮೊದಲನೆಯದರ ಮೊನೆಗೆ ಮೊನೆ ಕೊಟ್ಟು. ಪಾಪ, ಕ್ಯಾಮೆರಾ ಚೆಂದ ಕಾಣಲೆಂದು ಹೊಸ ತೊಗಲು ಹಾಕಿಸಿದ ಮನುಷ್ಯ ತನ್ನ ಸಾಕ್ಷಿಯನ್ನು ತಾನೇ ಮುಚ್ಚಿಬಿಟ್ಟಿದ್ದ. ಗೌಸ್ ಭಾಯಿಗೆ ಫೋನ್ ಮಾಡಿ ಸ್ಟೆಲ್ಲಮ್ಮನ ಮನೆ ಎಲ್ಲೆಂದು ಕೇಳಿಕೊಂಡು, ಕ್ಯಾಮೆರಾ ಸಮೇತ ಆಟೋ ಹಿಡಿದು ಮರ್ಫಿ ಟೌನಿಗೆ ಹೋದೆ.

"ನಾನು ತಪ್ಪು ಹೇಳಿದ್ದೆ ಅಮ್ಮ. ನಿಮ್ಮಪ್ಪ ಹರಾಜಲ್ಲೇ ತಗೊಂಡಿದ್ದು. ಕ್ಷಮಿಸಿ."

ಸ್ಟೆಲ್ಲಮ್ಮ ಎರಡೂ ಬಾಣಗಳ ಮೇಲೆ ಬೆರಳಾಡಿಸಿದರು. ಬೈಯುತ್ತಾರೆಂದು ಕಾದೆ, ಬೈದಿದ್ದರೆ ಹಗುರವಾಗುತ್ತಿತ್ತು.

"ಸತ್ತೋರನ್ನ ನೆನೆಯೋ ಕಲ್ಲರೆ ಹಬ್ಬದ ದಿನ ಎಲ್ಲಾರೂ ಅವರವರ ಮನೆಯೋರ ಸಮಾಧಿ ಮೇಲೆ ಮೋಂಬತ್ತಿ ಹಚ್ತಾರೆ ಸಾರ್. ನಾನು ಅಪ್ಪಂಗೆ ಇದುವರ್ಗೂ ಒಂದೂ ಹಚ್ಚಿಲ್ಲ."

ತೊಗಲನ್ನು ನೀಟಾಗಿ ಅಂಟಿಸಿಕೊಡುತ್ತೇನೆ ಎಂದೆ.

"ಬೇಡ. ಅಂಟಿಸ್ಬೇಡಿ." ಉಳಿದ ತೊಗಲನ್ನೂ ಅವರೇ ಪರಪರನೆ ಕಿತ್ತು, ಕ್ಯಾಮೆರಾವನ್ನು ಶೋಕೇಸಿನಲ್ಲಿಟ್ಟರು. ಲೆನ್ಸು ಗೋಡೆಗೆ, ಬೆನ್ನು ಬಾಗಿಲಿಗೆ. "ಬಂದೋರಿಗೆಲ್ಲ ಕಾಣ್ಲಿ."

ಈಗ ಕಿಟಕಿಯ ಬಳಿ ಹದಿಮೂರು ಕ್ಯಾಮೆರಾಗಳು ಬಿಸಿಲು ಕಾಯಿಸುತ್ತಿವೆ. ಒಂದೊಂದರ ಬೆಲೆಯೂ ನನಗೆ ಬಾಯಿಪಾಠ. ಯಾರ ಮನೆಯಿಂದ ಬಂದವು ಎಂದು ನೀವು ಕೇಳಿದರೆ, ಒಂದರದ್ದೂ ಗೊತ್ತಿಲ್ಲ.

ಸ್ಟೆಲ್ಲಮ್ಮನ ಮನೆಯಿಂದ ಹೊರಡುವ ಮುಂಚೆ ಬಾಗಿಲಲ್ಲಿ ನಿಂತು, ಈ ಸಲದ ಹಬ್ಬಕ್ಕೆ ನಾನೂ ಬರಬಹುದೇ ಎಂದು ಕೇಳಿದ್ದೆ.

"ಬನ್ನಿ ಸಾರ್," ಎಂದರು ಸ್ಟೆಲ್ಲಮ್ಮ. "ಹನ್ನೊಂದು ವರ್ಷದ್ದು ಹಚ್ಬೇಕು. ನನ್ನೊಬ್ಳ ಕೈಲಿ ಆಗಲ್ಲ."