ಮೆಂಬರ್ ಚಲುವಯ್ಯ ಮತ್ತು ಕತ್ತು ತಿರುಗಿಸುವ ಕ್ಯಾಮೆರಾ

ವೀರನಹೊಸಹಳ್ಳಿಯಾಚೆ ಕಾಡಿಗೆ ಅಂಟಿಕೊಂಡ ಊರಿನ ಚಲುವಯ್ಯ ಒಂದೇ ಒಂದು ಅವಧಿಗೆ ಪಂಚಾಯ್ತಿ ಮೆಂಬರಾಗಿದ್ದವರು. ಅದು ಮುಗಿದು ಎಷ್ಟೋ ಕಾಲವಾಗಿದ್ದರೂ 'ಮೆಂಬರೇ' ಎಂದು ಕರೆಯದವರ ಮಾತು ಅವರ ಕಿವಿಗೆ ಬೀಳುತ್ತಿರಲಿಲ್ಲ. ಮದುವೆಯಿರಲಿ, ಡೇರಿಯ ಸಭೆಯಿರಲಿ, ಫೋಟೊ ತೆಗೆಯುವ ಹೊತ್ತಿಗೆ ಹೇಗೋ ನುಸುಳಿ ನಡುವೆ ನಿಲ್ಲುತ್ತಿದ್ದರು. ಆದರೂ ಪ್ರತಿ ಫೋಟೊದಲ್ಲೂ ಯಾರದೋ ಪೇಟವೋ ಹಾರವೋ ಅವರ ಮುಖಕ್ಕೆ ಅಡ್ಡ ಬಂದಿರುತ್ತಿತ್ತು.

ಅಂಥವರ ಬಾಳೆತೋಟಕ್ಕೆ ಆನೆ ಕಾಯುವ ಕ್ಯಾಮೆರಾ ಬಂತು. ಕಂಬದ ಮೇಲೆ ಕೂತು ತಾನಾಗಿ ಕತ್ತು ತಿರುಗಿಸುವಂಥದು. ಆನೆ ಕಂಡರೆ ಸೈರನ್ ಕೂಗುತ್ತದೆ, ಕಂಡದ್ದನ್ನೆಲ್ಲ ಫೋನಿಗೆ ಕಳಿಸುತ್ತದೆ. ಅದನ್ನು ಕೂರಿಸಲು ಹುಣಸೂರಿನಿಂದ ಬಂದ ರಘು, "ಎಲ್ಲಾ ಕಡೆ ಒಟ್ಟಿಗೇ ನೋಡಕ್ಕಾಗಲ್ಲ ಮೆಂಬರೇ, ನಮ್ಮಂಗೇ ಇದೂವೆ. ಅಲ್ಲಾಡೋದು, ಎದ್ದು ಕಾಣೋದು ಎಲ್ಲೈತೋ ಅತ್ಲಾಗೆ ಮೊದ್ಲು ತಿರುಗ್ತದೆ" ಎಂದ.

ಚಲುವಯ್ಯ ಬಿಳಿ ಪಂಚೆ ಝಾಡಿಸಿ ಬದುವಿನ ಮೇಲೆ ಅಡ್ಡಾಡಿದರು. ಕ್ಯಾಮೆರಾ ಅವರ ಜೊತೆಗೇ ಹೊರಳಿತು. ಅವರು ನಿಂತರೆ ಅದೂ ನಿಂತಿತು. ಅಷ್ಟು ಗೌರವ ತಮ್ಮ ಅವಧಿಯಲ್ಲೂ ಅವರಿಗೆ ಸಿಕ್ಕಿರಲಿಲ್ಲ.

ಗೊನೆಗಳು ಬಲಿತವು. ಸೋಮವಾರ ಕಡಿಯಲು ವ್ಯಾಪಾರಿ ಬರುವವನಿದ್ದ. ಅಲ್ಲಿಯವರೆಗೆ ಒಂಟಿಸಲಗ ಒಳನುಗ್ಗದಿದ್ದರೆ ವರ್ಷದ ದುಡಿಮೆ ಕೈಗೆ ಸಿಕ್ಕಂತೆ. ಅಷ್ಟರಲ್ಲಿ ಪಕ್ಕದ ಹೊಲದ ಕುಳ್ಳಮ್ಮ ಬಂದು, "ಯಪ್ಪಾ, ಏನ್ ಗೊನೆಗಳು ಮೆಂಬರೇ!" ಎಂದುಬಿಟ್ಟಳು. ಆ ಸಂಜೆಯೇ ಚಲುವಯ್ಯ ಮಡಕೆಗೆ ಮಸಿ ಬಳಿದು, ಸುಣ್ಣದಲ್ಲಿ ಕಣ್ಣು ಬರೆದು, ಕೆಂಪು ನಾಲಿಗೆ ಇಳಿಬಿಟ್ಟು, ಹೆಂಡತಿ ಸುನಂದಮ್ಮನ ಹಳೆಯ ಜರಿ ಸೀರೆ ಸುತ್ತಿ, ತೋಟದ ನಡುವೆ ದೃಷ್ಟಿಬೊಂಬೆ ನಿಲ್ಲಿಸಿದರು.

ಮರುದಿನದಿಂದ ಕ್ಯಾಮೆರಾ ಅವರನ್ನು ಲೆಕ್ಕಕ್ಕೇ ಇಡಲಿಲ್ಲ. ಕೆಮ್ಮಿದರು, ಪಂಚೆ ಝಾಡಿಸಿದರು, ಟವೆಲು ಬೀಸಿದರು. ಅದು ಅರೆಗಳಿಗೆ ಇತ್ತ ಹೊರಳಿ, ಗಾಳಿಗೆ ಸೆರಗು ಹಾರಿದ್ದೇ ಮತ್ತೆ ಬೊಂಬೆಯ ಕಡೆಗೆ. ಊಟಕ್ಕೆ ಕೂತು ಫೋನ್ ತೆರೆದರೂ ಬೊಂಬೆ, ನಾಲಿಗೆ ಚಾಚಿಕೊಂಡು.

"ಏನ್ಲಾ ರಘು, ನಿನ್ ಕ್ಯಾಮೆರಾಕ್ಕೆ ಕತ್ತು ಇಡ್ಕಂಡದೆ ಕಣ್ಲಾ!" ಎಂದು ಫೋನಿನಲ್ಲಿ ರೇಗಿದರು.

"ಎದ್ರುಗೆ ಬಟ್ಟೆಗಿಟ್ಟೆ ಏನಾದ್ರೂ ಕಟ್ಟಿದೀರಾ ಮೆಂಬರೇ?"

"ಏನೂ ಇಲ್ಲ ಬುಡು. ನಾನೇನ್ ದಡ್ಡನಾ?"

ಸುಳ್ಳು ಹೇಳುವ ಉದ್ದೇಶ ಅವರಿಗಿರಲಿಲ್ಲ. ದೃಷ್ಟಿಬೊಂಬೆಯೆಂದರೆ ತೋಟದ ಕಾವಲು. ಅದನ್ನು ಬಟ್ಟೆಗಿಟ್ಟೆಯ ಸಾಲಿಗೆ ಸೇರಿಸುವುದು ಅವರಿಗೆ ಹೊಳೆಯಲೇ ಇಲ್ಲ. ಮಂಗಳವಾರ ಬರುತ್ತೇನೆಂದ ರಘು.

"ಆ ಬೊಂಬೆ ಒಸಿ ತೆಗೆದು ನೋಡ್ರಲ್ಲ" ಎಂದರು ಸುನಂದಮ್ಮ.

"ಗೊನೆ ಕಡಿಯಾಕ್ ಮುಂಚೆ ಯಾರಾದ್ರೂ ಬೊಂಬೆ ತೆಗೀತಾರೇನೇ? ಕುಳ್ಳಮ್ಮನ ಕಣ್ಣು ನೀ ಕಂಡಿಲ್ಲ."

ಭಾನುವಾರ ಬೆಳಿಗ್ಗೆ ಮಂಜು ಕರಗುವಾಗ ಗಂಡ ಹೆಂಡತಿ ತೋಟಕ್ಕೆ ಹೋದರು. ಸೈರನ್ ಕೂಗಿರಲಿಲ್ಲ. ಬಾಳೆ ಮಾತ್ರ ಸಾಲುಸಾಲಾಗಿ ಮಲಗಿತ್ತು. ಗೊನೆ ಉಳಿದಿದ್ದ ಗಿಡಗಳನ್ನು ಹುಡುಕಬೇಕಿತ್ತು. ಚಲುವಯ್ಯ ಫೋನ್ ತೆರೆದರು. ಬೊಂಬೆ, ಬೊಂಬೆ, ನಾಲಿಗೆಯ ಮೇಲಿನ ಇಬ್ಬನಿಯನ್ನೂ ಎಣಿಸುವಷ್ಟು ಸ್ಪಷ್ಟವಾಗಿ ಬೊಂಬೆ. ಒಂದು ಚಿತ್ರದ ಅಂಚಿನಲ್ಲಿ ಮಾತ್ರ ಒಂದು ಬಾಲ.

ಸುನಂದಮ್ಮ ಬಿದ್ದ ಬಾಳೆಯ ಮೇಲೆ ಕೂತರು. "ಕಂಡೋರ ಕಣ್ಣೆಲ್ಲ ಮೊದ್ಲು ಬೊಂಬೆ ಮ್ಯಾಲೇ ಬೀಳ್ಲಿ ಅಂತ ತಾನೆ ನಿಲ್ಸಿದ್ದು? ಬಿತ್ತಲ್ಲ."

ಚಲುವಯ್ಯ ಸಿಟ್ಟಿನಲ್ಲಿ ಬೊಂಬೆಯನ್ನು ಕಿತ್ತು ಹೆಗಲಿಗೇರಿಸಿ ಬದುವಿನತ್ತ ನಡೆದರು. ಮೇಲೆ ಕಿರ್ರೆಂದಿತು. ಕ್ಯಾಮೆರಾ ಅವರ ಜೊತೆಗೇ ಹೊರಳುತ್ತಿತ್ತು, ಮೊದಲ ದಿನದ ಹಾಗೆಯೇ.

"ಈಗ ನೋಡ್ತಿದ್ದೀಯೇನ್ಲಾ ಬಡ್ಡೀಮಗನೆ!"

ಏನೋ ಅನುಮಾನ ಬಂತು. ಬೊಂಬೆಯನ್ನು ಬದುವಿಗೆ ಒರಗಿಸಿ, ಪಂಚೆ ಝಾಡಿಸಿ, ಪಕ್ಕಕ್ಕೆ ಸರಿದು ನಿಂತರು.

ಕ್ಯಾಮೆರಾ ಸರಿಯಲಿಲ್ಲ.