ಸ್ವೆಟರ್ ಪೆಮಾ ಕಳಿಸಿದ ಬಾಡಿಗೆಯವಳು

ಪಂಕಜಾ ಅವರ ಮಹಡಿಯ ಖೋಲಿ ವರ್ಷದಲ್ಲಿ ಒಂಬತ್ತು ತಿಂಗಳು ಖಾಲಿ ಬಿದ್ದಿರುತ್ತದೆ. ವಿಶಾಖಪಟ್ಟಣದಲ್ಲಿ ಇಂಥ ಹುಚ್ಚಾಟವನ್ನು ಬೇರೆ ಯಾರೂ ಮಾಡುವುದಿಲ್ಲ. ಆದರೆ ಚಳಿಗಾಲ ಬಂತೆಂದರೆ ಮುಂಡಗೋಡಿನ ಟಿಬೆಟನ್ ಕ್ಯಾಂಪಿನಿಂದ ಪೆಮಾ ಸ್ವೆಟರ್ ಮಾರಲು ಬರುತ್ತಾಳೆ, ಖೋಲಿ ಅವಳದು. ಹದಿನಾಲ್ಕು ವರ್ಷಗಳಿಂದ ಇದೇ ಪದ್ಧತಿ.

ಪಂಕಜಾ ಹಾವೇರಿ ಕಡೆಯವರು. ನೌಕಾಪಡೆಯಲ್ಲಿದ್ದ ಗಂಡ ಉಮಾಪತಿ ತೀರಿಕೊಂಡಿದ್ದಾರೆ. ವಿಜಯವಾಡದ ಪಟಮಟದಲ್ಲಿರುವ ಮಗಳು ಬಿಂದುಶ್ರೀ ಫೋನಿನಲ್ಲಿ ಎರಡು ಮಾತಿಗೇ ತೆಲುಗಿಗೆ ಜಾರುತ್ತಾಳೆ. ಹೊಟ್ಟೆ ತುಂಬ ಕನ್ನಡ ಮಾತಾಡಲು ಪಂಕಜಾಗೆ ಸಿಗುತ್ತಿದ್ದವಳು ಆ ಟಿಬೆಟನ್ ಹೆಂಗಸೊಬ್ಬಳೇ. ಓಣಿಯವರಿಗೂ ಅವಳೆಂದರೆ ಅಚ್ಚುಮೆಚ್ಚು. ದೇಶ ಕಳೆದುಕೊಂಡವರು, ಪಾಪ, ಎನ್ನುತ್ತ ಚೌಕಾಸಿ ಮಾಡದೆ ಕೊಳ್ಳುತ್ತಿದ್ದರು.

ಈ ಸಲ ಪೆಮಾಳ ಫೋನ್ ಬಂತು.

"ಅಕ್ಕಾರ, ಮೊಣಕಾಲು ಕೈ ಕೊಟ್ಟಾವ್ರಿ, ಬರಾಕ ಆಗೂದಿಲ್ಲ. ಹೋದ ವರ್ಷ ನಿಮ್ಮೂರಾಗ ನನ್ನ ಸ್ವೆಟರ್ ಅಂಗಡ್ಯಾಗ ಕೆಲಸ ಮಾಡಿದಾಕಿ ಒಬ್ಬಾಕಿ ಅದಾಳ. ದೇಶ ಬಿಟ್ಟು ಬಂದಾಕಿ. ಖೋಲಿ ಅಕಿಗೆ ಕೊಡ್ರಿ."

"ಅದಕ್ಕೇನವಾ, ಕಳಿಸು," ಎಂದರು ಪಂಕಜಾ. ದೇಶ ಬಿಟ್ಟವಳೆಂದರೆ ಇನ್ನೊಬ್ಬ ಟಿಬೆಟನ್ ಎಂದೇ ಅವರ ಲೆಕ್ಕ. ಹಾಗೆಂದೇ ಓಣಿಗೆಲ್ಲ ಸಾರಿದರು. ಎದುರುಮನೆಯ ಸೀತಾಮಹಾಲಕ್ಷ್ಮಿ ಮೊಮ್ಮಗನಿಗೆ ನೀಲಿ ಸ್ವೆಟರ್ ಬೇಕೆಂದು ಮುಂಚೆಯೇ ಹೇಳಿಟ್ಟರು.

ಭಾನುವಾರ ಗೇಟಿನಲ್ಲಿ ಬಂದು ನಿಂತವಳು ಕಪ್ಪು ಬುರ್ಖಾ ತೊಟ್ಟಿದ್ದಳು, ಸೊಂಟದಲ್ಲಿ ಕೂಸು. ಹೆಸರು ಸೆನೊವಾರಾ, ಬರ್ಮಾದ ರೋಹಿಂಗ್ಯಾ. ಗಂಡನಿಗೆ ಹತ್ತಿರದ ಭೀಮುನಿಪಟ್ಟಣದಲ್ಲಿ ಮೀನು ಒಣಗಿಸುವ ಕೆಲಸ. ಹೈದರಾಬಾದಿನಲ್ಲಿ ಕಲಿತ ಹರಕು ತೆಲುಗಿನಲ್ಲಿ ಇಷ್ಟು ಹೇಳಿ, ಯಾರೂ ಕೇಳದಿದ್ದರೂ ವಿಶ್ವಸಂಸ್ಥೆಯ ನಿರಾಶ್ರಿತರ ಕಾರ್ಡು ತೆಗೆದು ತೋರಿಸಿದಳು. ಪಂಕಜಾ ಅವಳನ್ನು ಜಗುಲಿಯ ಮೇಲೆ ಕೂರಿಸಿ, ಚಹಾ ಕೊಟ್ಟು, ಖೋಲಿ ಕೊಡುವ ವಿಷಯ ಕೇಳಲು ಎದುರುಮನೆಗೆ ಹೋದರು.

ಸೀತಾಮಹಾಲಕ್ಷ್ಮಿಯವರು ಅದೇ ಬರ್ಮಾದ ರಂಗೂನಿನಲ್ಲಿ ಹುಟ್ಟಿ, 1964ರಲ್ಲಿ ಭಾರತೀಯರನ್ನು ಹೊರಹಾಕಿದಾಗ ತಾಯಿಯ ಕಂಕುಳಲ್ಲಿ ಹಡಗು ಹತ್ತಿ ಬಂದವರು. ಇವರಿಗಾದರೂ ಕರುಳು ಚುರುಕ್ ಅಂದೀತು ಎಂಬ ಆಸೆ ಪಂಕಜಾಗೆ.

"ನಾವು ಬಂದದ್ದು ನಮ್ಮವರ ಹತ್ತಿರಕ್ಕೆ, ಪಂಕಜಗಾರು. ಇವರು ಯಾರೋ ಏನೋ. ನಾಳೆ ಪೊಲೀಸರು ಬಂದರೆ ನಮ್ಮ ಮನೆಗಳನ್ನೂ ತಟ್ಟುತ್ತಾರೆ."

"ಪೆಮಾನೂ ಹೊರಗಿನವಳೇ ಅಲ್ಲವೇ?"

"ಅವಳ ಮಾತು ಬೇರೆ ಬಿಡಿ."

ಇನ್ನೂ ಎರಡು ಮನೆಗಳಲ್ಲಿ ಕೇಳಿದರು. ಅಲ್ಲೂ ಅದೇ ರಾಗ. ಮಗಳಂತೂ ಫೋನಿನಲ್ಲಿ ರೇಗಿಯೇಬಿಟ್ಟಳು: "ನಿನಗ್ಯಾಕಮ್ಮಾ ಈ ವಯಸ್ಸಿನಲ್ಲಿ ಈ ತಲನೊಪ್ಪಿ?" ಅರವತ್ತಾರರ ಪಂಕಜಾಗೆ ಸಾಕಾಗಿ ಹೋಯಿತು. ಓಣಿಯನ್ನು ಎದುರು ಹಾಕಿಕೊಂಡು ಒಂಟಿಯಾಗಿ ಬದುಕುವ ತ್ರಾಣ ಅವರಿಗಿರಲಿಲ್ಲ. ಅದು ನಿಜ. ಆದರೆ ಬುರ್ಖಾ ಕಂಡ ಕ್ಷಣವೇ ಅವರಿಗೂ ಎದೆ ಝಲ್ಲೆಂದಿತ್ತು, ಅದೂ ನಿಜವೇ.

ಹಿಂದಿರುಗಿ, "ಖೋಲಿ ರಿಪೇರಿಗೆ ಬಂದಿದೆಯಮ್ಮಾ," ಎಂದರು. ಸೆನೊವಾರಾ ಕೂಸನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿಕೊಂಡು ಬಸ್‌ಸ್ಟಾಪಿನ ದಾರಿ ಹಿಡಿದಳು.

ಸಂಜೆ ಪಂಕಜಾ ತಾವೇ ಪೆಮಾಗೆ ಫೋನ್ ಮಾಡಿದರು. ರಿಪೇರಿಯ ಸುಳ್ಳು ಅವಳ ಮುಂದೆ ಬಾಯಿಗೆ ಬರಲಿಲ್ಲ.

"ನನಗೇನಿಲ್ಲವಾ. ಓಣ್ಯಾಗ ನಾಕ್ ಮಂದೀನ ಕೇಳಿದೆ. ಎಲ್ಲಾರೂ ಬ್ಯಾಡಂದ್ರು."



"ನನಗ ಖೋಲಿ ಕೊಡೂಮುಂದ ಯಾರನ್ನ ಕೇಳಿದ್ರಿ, ಅಕ್ಕಾರ?"

ಯಾರನ್ನೂ ಕೇಳಿರಲಿಲ್ಲ.